ಕರಿಕಲ್ಲಿನ ಕೆಳಗಿನ ಇದ್ದಿಲು

ಪಣಜಿ
ತಾ. 12-11-1998

ಅಣ್ಣಯ್ಯ,

ಕೊನೆಗೂ ಥೀಸಿಸ್ ಬರೆದು ಮುಗಿಸಿದೆ. ಇನ್ನೂರ ಹನ್ನೊಂದು ಪುಟ. ಟೈಪ್ ಮಾಡಿಸಿ, ಬೈಂಡ್ ಹಾಕಿಸಿ, ನಿನ್ನೆ ಕೊಟ್ಟು ಬಂದೆ. ಏಪ್ರಿಲ್‌ನಲ್ಲಿ ಪರೀಕ್ಷಕರು ಬಂದು ನಾಲ್ಕು ಪ್ರಶ್ನೆ ಕೇಳಿ ತಲೆಯಾಡಿಸಿದರೆ ನಿನ್ನ ತಂಗಿ ಡಾಕ್ಟರ್ ಜಗದಾಂಬ. ಜ್ವರಕ್ಕೆ ಮಾತ್ರೆ ಕೇಳಬೇಡಿ ಎಂದು ವನಗೂರಿನವರಿಗೆಲ್ಲ ಈಗಲೇ ಹೇಳಿಡು.

"ನಾಲ್ಕು ವರ್ಷದಿಂದ ಕಲ್ಲು ಕಲ್ಲು ಅಂತೀಯಲ್ಲ, ಏನೇ ಅದು?" ಎಂದು ಅಪ್ಪನ ವರ್ಷದ ಕಾರ್ಯದ ದಿನ ನೀನು ಕೇಳಿದ್ದೆ. ಜನರ ನಡುವೆ ಹೇಳಲಾಗಲಿಲ್ಲ, ಈಗ ಕೇಳು. ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ನಿಂತರೆ ಪಶ್ಚಿಮಕ್ಕೆ ನೆಲ ಧೊಪ್ಪನೆ ಕೆಳಗೆ ಬಿದ್ದಿದೆಯಲ್ಲ, ಅದು ಒಂದು ಭೂಖಂಡ ಮುರಿದ ಅಂಚು. ಒಂಬತ್ತು ಕೋಟಿ ವರ್ಷದ ಹಿಂದೆ ಆ ಕಡೆ ಸಮುದ್ರ ಇರಲಿಲ್ಲ. ಇವತ್ತು ಆಫ್ರಿಕದ ಪಕ್ಕದಲ್ಲಿರುವ ಮಡಗಾಸ್ಕರ್ ನಮಗೆ ಅಂಟಿಕೊಂಡಿತ್ತು. ಮೊದಲು ನೆಲ ಹಿಗ್ಗಿತು. ಒಬ್ಬಟ್ಟಿನ ಕಣಕವನ್ನು ಎರಡು ಕೈಯಲ್ಲಿ ಎಳೆದರೆ ನಡುವೆ ತೆಳ್ಳಗಾಗುತ್ತದಲ್ಲ, ಹಾಗೆ. ಲಕ್ಷ ಲಕ್ಷ ವರ್ಷ ಬರೀ ಎಳೆತ, ಮೇಲೆ ಏನೂ ಕಾಣುತ್ತಿರಲಿಲ್ಲ. ಆಮೇಲೆ ತೆಳ್ಳಗಾದ ಕಡೆ ಬಿರುಕು ಬಿಟ್ಟಿತು. ನೆಲದ ತುಂಡುಗಳು ಮೆಟ್ಟಿಲು ಮೆಟ್ಟಿಲಾಗಿ ಕುಸಿದವು. ಕೆಳಗಿನಿಂದ ಕರಗಿದ ಕಲ್ಲು ಕುದಿಯುತ್ತ ಬಿರುಕಿಗೆ ನುಗ್ಗಿತು. ಕೊನೆಗೆ ಹರಿದೇ ಹೋಯಿತು. ನಡುವೆ ಹೊಸ ತಳ ಹುಟ್ಟುತ್ತ ಎರಡು ದಡವೂ ದೂರ ಸರಿದವು, ತಗ್ಗಿಗೆ ನೀರು ತುಂಬಿತು. ನಮ್ಮ ಸಮುದ್ರ ಹುಟ್ಟಿದ್ದು ಹೀಗೆ, ಹೊಡೆದಾಟದಲ್ಲಿ.

ಆ ಬಿರುಕಿಗೆ ನುಗ್ಗಿ ಆರಿದ ಕಲ್ಲೇ ನಮ್ಮ ಗುಡ್ಡದ ಕರಿಕಲ್ಲಿನ ಸಾಲು. ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ದಿಕ್ಸೂಚಿಯ ಮುಳ್ಳಿನ ಹಾಗೆ ತಿರುಗಿ, ಹಾಗೇ ಗಟ್ಟಿಯಾಗಿಬಿಡುತ್ತವೆ. ಬೇರೆ ಐದು ಜಾಗದ ಕಲ್ಲುಗಳು ಇದುವರೆಗೆ ಎಲ್ಲರೂ ಹೇಳಿದ ದಿಕ್ಕನ್ನೇ ತೋರಿಸಿದವು. ನಮ್ಮ ತೋಟದ್ದು ಮಾತ್ರ ವಾರೆಯಾಗಿ ತೋರಿಸಿತು. ಅಂದರೆ ಮುರಿಯುವಾಗ ನಮ್ಮ ಅಂಚು ಮಗ್ಗುಲಿಗೆ ವಾಲಿತ್ತು. ಇದನ್ನು ಯಾರೂ ಹೇಳಿಲ್ಲ. ನನ್ನ ಥೀಸಿಸ್ಸಿನಲ್ಲಿ ಹೊಸ ಮಾತು ಅಂತ ಇರುವುದು ಇದೊಂದೇ. ನಮ್ಮ ಗುಡ್ಡದ ನಾಲ್ಕು ಚೂರು ಕಲ್ಲು ನಿನ್ನ ತಂಗಿಯನ್ನು ಎತ್ತಿ ಹಿಡಿದಿವೆ.

ಕಾಫಿ ಹಣ್ಣು ಕುಯ್ಲು ಶುರುವಾಯಿತೆ? ಚಿಕ್ಕಪ್ಪನಿಗೆ ಮಂಡಿ ನೋವು ಹೇಗಿದೆ? ಪುಷ್ಪತ್ತಿಗೆಗೆ ಗೋಡಂಬಿ ಕಳಿಸಿದ್ದೇನೆ, ನೀನೇ ತಿಂದು ಮುಗಿಸಬೇಡ.

ನಿನ್ನ
ಅಂಬು


ವನಗೂರು
ತಾ. 3-1-1999

ಅಂಬು,

ಡಾಕ್ಟರ್ ಆಗುವವಳಿಗೆ ಅಣ್ಣನ ಆಶೀರ್ವಾದ. ಗೋಡಂಬಿ ಬಂತು. ಉತ್ತರ ತಡವಾಯಿತು. ಯಸಳೂರಿನ ಬೂತಿನಿಂದ ಫೋನ್ ಮಾಡೋಣ ಅಂದರೆ ಅಲ್ಲಿ ಯಾವಾಗಲೂ ನಾಲ್ಕು ಜನ ಕಿವಿ ಕೊಟ್ಟು ನಿಂತಿರುತ್ತಾರೆ. ಇದು ಅವರು ಕೇಳುವಂಥ ವಿಷಯ ಅಲ್ಲ.

ಚಿಕ್ಕಪ್ಪ ಕಲ್ಲು ಕಿತ್ತಿದ್ದಾನೆ.

ನಿನಗೆ ಗೊತ್ತಿರಲಿಕ್ಕಿಲ್ಲ. ಅಜ್ಜ ತೋಟವನ್ನು ಅಪ್ಪನಿಗೂ ಚಿಕ್ಕಪ್ಪನಿಗೂ ಬಾಯಿಮಾತಿನಲ್ಲಿ ಪಾಲು ಮಾಡಿ, ಗುಡ್ಡದ ಮೇಲೆ ತಾನೇ ಒಂದು ಕರಿಕಲ್ಲು ನೆಟ್ಟಿದ್ದ. ಸರ್ಕಾರಿ ಕಲ್ಲಲ್ಲ, ಅಲ್ಲೇ ಸಾಲಿನಿಂದ ಎಬ್ಬಿಸಿ ತಂದದ್ದು. ಪಾಲಿನ ಕಲ್ಲಿನ ಹತ್ತಿರ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲ, ನೀನಂತೂ ಹಾಸನದ ಹಾಸ್ಟೆಲ್ಲಿನಲ್ಲೇ ಬೆಳೆದವಳು. ನೆಡುವಾಗ ನಾನಿದ್ದೆ, ಎಂಟು ವರ್ಷ ನನಗೆ. ಗುಂಡಿ ತೋಡಿ, ಒಂದು ಬುಟ್ಟಿ ಇದ್ದಿಲು ಸುರಿದು, ಒಂದು ಹಿಡಿ ಉಪ್ಪು ಹಾಕಿ, ಮೇಲೆ ಕಲ್ಲು ನಿಲ್ಲಿಸಿದರು. ಇದ್ದಿಲು ಮಣ್ಣಾಗಲ್ಲ, ನಾಳೆ ಯಾವನಾದರೂ ಕಲ್ಲು ಕಿತ್ತರೂ ಜಾಗ ಸಿಗುತ್ತೆ ಅಂತ ಅಜ್ಜ ಹೇಳಿದ್ದ.

ಈಗ ಪಾಲನ್ನು ಕಾಗದದಲ್ಲಿ ಮಾಡಿಸೋಣ ಅಂತ ಸರ್ವೆಯವರನ್ನು ಕರೆಸಿದರೆ ಕಲ್ಲೇ ಇಲ್ಲ. ಗುಡ್ಡ ಪೂರ್ತಿ ಲಂಟಾನ ಪೊದೆ ಮುಚ್ಚಿಕೊಂಡಿದೆ. ನಾಲ್ಕು ಕಡೆ ಅಗೆಸಿದೆ, ಇದ್ದಿಲೂ ಇಲ್ಲ. ನನ್ನ ನೆನಪಿನ ಪ್ರಕಾರ ಕಲ್ಲು ಒರತೆಗಿಂತ ಆಚೆ ಇತ್ತು, ಒರತೆ ನಮ್ಮದು. ಈಚೆ ಇತ್ತು, ಒರತೆ ನನ್ನದು ಅನ್ನುತ್ತಾನೆ ಚಿಕ್ಕಪ್ಪ. ಹೂ ಮಳೆ ಕೈಕೊಟ್ಟ ವರ್ಷ ಆ ನೀರಿಲ್ಲದಿದ್ದರೆ ನನ್ನ ಗಿಡ ಹೂ ಬಿಡಲ್ಲ. ಅದು ಅವನಿಗೂ ಗೊತ್ತು.

ಕಣದಲ್ಲಿ ನಿಂತು ಕೇಳಿದೆ. "ಕಲ್ಲೆಲ್ ಹೋಯ್ತು ಚಿಕ್ಕಪ್ಪ?"

"ನಿನ್ನ ಕೇಳ್ಬೇಕು ಕಣೋ ಅದ್ನ. ನೀನೇ ಕಿತ್ತಾಕ್ಬುಟ್ಟು ನನ್ ಬಾಯಿಗೆ ಬತ್ತೀಯಾ?" ಅಂದವನು ಆಳುಗಳ ಎದುರಿಗೇ ನನ್ನ ಕೆನ್ನೆಗೆ ಹೊಡೆದ. ನಾನು ಅವನ ಅಂಗಿ ಹಿಡಿದು ಹಣ್ಣಿನ ರಾಶಿಯ ಮೇಲೆ ಕೆಡವಿದೆ. ಅರವತ್ತೆರಡು ವರ್ಷದವನು. ಎದ್ದೇಳಲು ಆಗಲಿಲ್ಲ ಅವನಿಗೆ, ಮಂಡಿ ಅಂತ ಬರೆದಿದ್ದೆಯಲ್ಲ. ಮನಸ್ಸಿಗೆ ಕೆಟ್ಟದಾಯಿತು. ಆದರೆ ಬಿಡಲ್ಲ. ಕಲ್ಲು ಕಿತ್ತ ಕೈ ಯಾವುದು ಅಂತ ಗೊತ್ತಾದರೆ ಆ ಕೈ ಉಳಿಸಲ್ಲ.

ನಮ್ಮ ಕುಳ್ಳಯ್ಯ ಇಪ್ಪತ್ತು ವರ್ಷದಿಂದ ಆ ಗುಡ್ಡದಲ್ಲಿ ಕಾಡು ಸವರುವವನು. ಅವನಿಗೆ ಗೊತ್ತಿಲ್ಲದೆ ಅಲ್ಲಿಂದ ಒಂದು ಕಲ್ಲು ಹೋಗಲ್ಲ. ಕೇಳಿದರೆ ನೆಲ ನೋಡುತ್ತಾನೆ.

ಮೃತ್ಯುಂಜಯ


(ಅಂಚೆಗೆ ಹಾಕದ ಪತ್ರ)
ಪಣಜಿ
ತಾ. 11-1-1999

ಅಣ್ಣಯ್ಯ,

ಕಲ್ಲು ಕಿತ್ತವಳು ನಾನು.

ತೊಂಬತ್ತನಾಲ್ಕರ ಮೇ ತಿಂಗಳು. ನಾನು ರಜೆಗೆ ಬಂದು ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಅಪ್ಪ ತಿಳಿದಿದ್ದರು. ಹೆಣ್ಣುಮಗಳು ಸುತ್ತಿಗೆ ಹಿಡಿದು ಗುಡ್ಡ ಅಲೆಯುವುದು ಅವರಿಗೆ ಆಗುತ್ತಿರಲಿಲ್ಲ. ಕುಳ್ಳಯ್ಯನನ್ನು ಕರೆದುಕೊಂಡು ಹೋದೆ. ಅವನು ಲಂಟಾನ ಸವರಿ ದಾರಿ ಮಾಡಿದ. ಪೊದೆಯೊಳಗೆ ಮಂಡಿಯೆತ್ತರದ ಕರಿಕಲ್ಲು ನೆಲದಿಂದ ಎದ್ದು ನಿಂತಿತ್ತು. ಸಾಲಿನಿಂದ ಮೇಲೆದ್ದ ಭಾಗ ಇದು ಅಂದುಕೊಂಡೆ. ದಿಕ್ಕು ಅಳೆದು, ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿದೆ. "ಅಮ್ಮಣ್ಣಿ, ಇದು ಅಜ್ಜಯ್ಯೋರು..." ಎಂದು ಅವನು ಬಾಯಿ ತೆಗೆದ. "ನಂಗೊತ್ತು ಕುಳ್ಳಯ್ಯ, ಮಳೆ ಬರ್ತಾ ಇದೆ, ಎಬ್ಬಿಸು" ಎಂದೆ. ಹಾರೆ ಹಾಕಿ ಎಬ್ಬಿಸಿದ, ಸುತ್ತಿಗೆಯಲ್ಲಿ ಒಡೆದ, ಗೋಣಿಯಲ್ಲಿ ಹೊತ್ತು ತಂದ. ಅಪ್ಪನಿಗಾಗಲಿ ನಿನಗಾಗಲಿ ಹೇಳುವುದಿಲ್ಲ ಎಂದು ಅವನ ಹತ್ತಿರ ಆಣೆ ಹಾಕಿಸಿಕೊಂಡೆ.

ಕಲ್ಲಿನ ಕೆಳಗೆ ಒಂದು ಗೇಣು ಕಪ್ಪು ಇತ್ತು. ನೋಟ್‌ಬುಕ್ಕಿನಲ್ಲಿ "ಕರಗಿದ ಕಲ್ಲಿನ ಬಿಸಿಗೆ ಸುಟ್ಟ ಮಣ್ಣು" ಎಂದು ಬರೆದೆ. ಥೀಸಿಸ್ಸಿನ ನೂರ ಮೂರನೆಯ ಪುಟದಲ್ಲಿ ಅದೇ ಮಾತು ಇದೆ, ಕಲ್ಲು ಹುಟ್ಟಿದ ಜಾಗ ಬಿಟ್ಟು ಅಲುಗಿಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿ. ಅದು ಒಂದು ಬುಟ್ಟಿ ಇದ್ದಿಲು ಅಣ್ಣಯ್ಯ.

ಹುಟ್ಟಿದ ಜಾಗದಿಂದ ಕದಲಿದ ಕಲ್ಲನ್ನು ಮುಟ್ಟಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ವಾರೆ ತೋರಿಸಿದ್ದು ಭೂಮಿ ವಾಲಿದ್ದಕ್ಕಲ್ಲ, ಅಜ್ಜ ಗುಂಡಿಯಲ್ಲಿ ನಿಲ್ಲಿಸುವಾಗ ಕಲ್ಲನ್ನು ತಿರುಗಿಸಿದ್ದಕ್ಕೆ. ನಾಲ್ಕು ವರ್ಷ ಅಜ್ಜನ ಕೈಯನ್ನು ಭೂಮಿಯ ಕೈ ಎಂದು ಬರೆದೆ.

ಇದನ್ನು ಅಂಚೆಗೆ ಹಾಕಿದರೆ ಕಲ್ಲು ನೆಟ್ಟದ್ದು ಎಂದು ಒಪ್ಪಿದ ಹಾಗೆ. ಒಪ್ಪಿದರೆ ಏಪ್ರಿಲ್ ಇಲ್ಲ, ಇಲ್ಲಿಯ ಕೆಲಸವೂ ಇಲ್ಲ. ಎರಡು ದಿನ ಬಿಟ್ಟು ಯೋಚಿಸುತ್ತೇನೆ.


ಪಣಜಿ
ತಾ. 13-1-1999

ಅಣ್ಣಯ್ಯ,

ನಿನ್ನ ಪತ್ರ ಓದಿ ಬೇಜಾರಾಯಿತು. ಒಂದು ಕಲ್ಲಿಗೋಸ್ಕರ ಚಿಕ್ಕಪ್ಪನ ಮೇಲೆ ಕೈ ಮಾಡುವುದೆ? ಅದು ತಾನಾಗಿಯೇ ಬಿದ್ದಿರಬಹುದು. ಆನೆ ಬಂದು ಕೆಡವಿರಬಹುದು. ಸರ್ವೆಯವರಿಗೆ ಹೇಳಿ ಒರತೆಯನ್ನು ಇಬ್ಬರಿಗೂ ಬಿಡಿಸಿಕೊಳ್ಳಿ, ಮುಗಿಯಿತು.

ಒಂದು ಮಾತು ಮಾತ್ರ ನಡೆಸಿಕೊಡು. ಕುಳ್ಳಯ್ಯನನ್ನು ಏನೂ ಕೇಳಬೇಡ. ಅವನ ಪಾಡಿಗೆ ಅವನನ್ನು ಬಿಡು. ಅವನು ಏನು ಮಾಡಿದ್ದರೂ ಯಾರೋ ಹೇಳಿದ್ದಕ್ಕೆ ಮಾಡಿರುತ್ತಾನೆ.

ಇಪ್ಪತ್ತರಿಂದ ಹಡಗಿನಲ್ಲಿರುತ್ತೇನೆ, ಎರಡು ತಿಂಗಳು. ನಮ್ಮ ಕರಾವಳಿಯಾಚೆ ಮುಳುಗಿದ ನೆಲದ ನಕ್ಷೆ ಮಾಡುವ ಕೆಲಸ. ಪತ್ರ ಬಂದರೆ ಕಚೇರಿಯಲ್ಲಿ ಇಟ್ಟಿರುತ್ತಾರೆ. ಬಂದ ಮೇಲೆ ವಿವರವಾಗಿ ಬರೆಯುತ್ತೇನೆ.

ಅಂಬು


ವನಗೂರು
ತಾ. 4-3-1999

ಅಂಬು,

ನೀನು ಬರೆದದ್ದು ಒಳ್ಳೆಯದಾಯಿತು. ಬಾಯಿಬಿಟ್ಟು ಹೇಳದಿದ್ದರೂ ನನಗೆ ಅರ್ಥವಾಯಿತು. ಕುಳ್ಳಯ್ಯ ಯಾರೋ ಹೇಳಿದ್ದಕ್ಕೆ ಮಾಡಿದ್ದಾನೆ. ಆ ಯಾರೋ ಯಾರು ಅಂತ ನಿನಗೆ ಗೊತ್ತು. ಚಿಕ್ಕಪ್ಪ ನಿನ್ನನ್ನು ಎತ್ತಿ ಆಡಿಸಿದವನು, ಅವನ ಹೆಸರು ಬರೆಯಲು ನಿನ್ನ ಕೈ ಬರಲಿಲ್ಲ. ಹೋಗಲಿ, ನಾನು ಕುಳ್ಳಯ್ಯನ ಬಾಯಿಂದಲೇ ಹೇಳಿಸೋಣ ಅಂತ ಹೊರಟೆ.

ಮೊದಲ ದಿನ ಸಮಾಧಾನವಾಗಿಯೇ ಕೇಳಿದೆ. ಎರಡನೆಯ ದಿನ ಕಣದ ಪಕ್ಕ ಹಣ್ಣು ಸುಲಿಯುವ ಪಲ್ಪರ್ ಮನೆಯ ಕಂಬಕ್ಕೆ ಕಟ್ಟಿಸಿದೆ. ಕಾಫಿ ಗಿಡದ ಕೋಲು ಎರಡು ಮುರಿಯಿತು. ಆಮೇಲೆ ನೀರಿನ ಪೈಪು ತೆಗೆದುಕೊಂಡೆ.

"ಯಾರ್ ಹೇಳಿ ಕೀಳ್ಸಿದ್ದು, ಬೊಗಳೋ."

"ಅಮ್ಮಣ್ಣಿ ಬರ್ಲಿ ಬುದ್ದಿ. ಅವ್ರ ಮುಂದೆ ಹೇಳ್ತೀನಿ."

ಎಷ್ಟು ಹೊಡೆದರೂ ಅದೊಂದೇ ಮಾತು. ನೀನು ಕರುಣೆಯವಳು, ಬಂದರೆ ಬಿಡಿಸುತ್ತೀಯ ಅಂತ ಅವನ ಲೆಕ್ಕ. ಅದೇ ನನಗೆ ಇನ್ನೂ ಸಿಟ್ಟು ತರಿಸಿತು. ಎದೆಗೆ ಒದ್ದೆ. ಪಕ್ಕೆಯಲ್ಲಿ ಲಟಕ್ ಅಂದದ್ದು ನನಗೇ ಕೇಳಿಸಿತು. ಗಂಗಾಮಣಿ ಕಾಲು ಹಿಡಿದುಕೊಂಡಳು. "ನನ್ ಗಂಡನ್ನ ಕೊಂದ್ಬುಡ್ತೀರಾ ಬುದ್ದಿ, ಬಿಟ್ಬುಡಿ" ಅಂತ ಕೂಗಿದ್ದು ಆಚೆ ತೋಟಕ್ಕೆ ಕೇಳಿಸಿ ಚಿಕ್ಕಪ್ಪ ಕೋವಿ ಹಿಡಿದುಕೊಂಡೇ ಬಂದ.

"ಬಿಚ್ಚೋ ಅವನ್ನ" ಅಂದ. ಹಾಗಾದರೆ ಇವನು ನಿನ್ನ ಕಡೆಯ ಆಳು, ಅದಕ್ಕೇ ಬಿಡಿಸೋಕೆ ಬಂದಿದೀಯಾ ಅಂದೆ. ಗುಂಡು ಹೊಡೆದೇಬಿಟ್ಟ. ಚರೆ ನನ್ನ ಎಡಭುಜಕ್ಕೆ ಬಿತ್ತು, ಏಳು ತೆಗೆದಿದ್ದಾರೆ, ಎರಡು ಒಳಗೇ ಇವೆ. ಬಿದ್ದಲ್ಲಿಂದಲೇ ಕೈಗೆ ಸಿಕ್ಕ ಕತ್ತಿ ಬೀಸಿದೆ. ಅವನ ಬಲಗೈಯ ಎರಡು ಬೆರಳು ಕಣದ ಸಿಮೆಂಟಿನ ಮೇಲೆ ಬಿದ್ದವು. ಮಳೆಗಾಲದಲ್ಲಿ ನಿನ್ನನ್ನು ಬೆನ್ನ ಮೇಲೆ ಹಾಕಿಕೊಂಡು ಹಳ್ಳ ದಾಟಿಸುತ್ತಿದ್ದ ಕೈ ಅದು. ಅವನು ಬೆರಳು ನೋಡುತ್ತ ನಿಂತಿದ್ದ.

ಮೂವರನ್ನೂ ಒಂದೇ ಜೀಪಿನಲ್ಲಿ ಹಾಸನದ ಆಸ್ಪತ್ರೆಗೆ ಸಾಗಿಸಿದರು. ಕುಳ್ಳಯ್ಯ ಕೆಮ್ಮಿದರೆ ರಕ್ತ ಬರುತ್ತಿತ್ತು, ಈಗಲೂ ಬರುತ್ತದಂತೆ. ನನ್ನ ಮೇಲೂ ಚಿಕ್ಕಪ್ಪನ ಮೇಲೂ ಕೇಸು ಆಗುತ್ತೆ ಅನ್ನುತ್ತಾರೆ.

ನೀನು ಬಂದು ಕುಳ್ಳಯ್ಯನಿಗೆ ಒಂದು ಮಾತು ಹೇಳು ಅಂಬು. ನಿನ್ನ ಎದುರಿಗಾದರೆ ಚಿಕ್ಕಪ್ಪನ ಹೆಸರು ಹೇಳುತ್ತಾನೆ. ಅವನು ಹೇಳಿದರೆ ನಾನು ಹೊಡೆದದ್ದಕ್ಕೆ ಒಂದು ಅರ್ಥ ಬರುತ್ತೆ. ಇಲ್ಲದಿದ್ದರೆ ನಾನು ಏನಾದೆ ಅಂತ ಯೋಚನೆ ಮಾಡಲು ಭಯವಾಗುತ್ತೆ.

ಮೃತ್ಯುಂಜಯ


ಪಣಜಿ
ತಾ. 24-3-1999

ಅಣ್ಣಯ್ಯ,

ಹಡಗು ನಿನ್ನೆ ದಡಕ್ಕೆ ಬಂತು. ನಿನ್ನ ಪತ್ರ ಹದಿನೈದು ದಿನದಿಂದ ನನ್ನ ಮೇಜಿನ ಮೇಲೆ ಬಿದ್ದಿತ್ತು.

ಕಲ್ಲು ಕಿತ್ತಿದ್ದು ಚಿಕ್ಕಪ್ಪ ಅಲ್ಲ. ನಾನು. ಐದು ವರ್ಷದ ಹಿಂದೆ, ಥೀಸಿಸ್ಸಿಗೋಸ್ಕರ, ನಿಮಗೆ ಯಾರಿಗೂ ಹೇಳದೆ. ಕುಳ್ಳಯ್ಯ ಹಾರೆ ಹಾಕಿದ್ದು ನಾನು ಹೇಳಿದ್ದಕ್ಕೆ. ಅದು ಅಜ್ಜನ ಕಲ್ಲು ಎಂದು ಅವನು ಹೇಳಲು ಬಂದ, ನಾನು ಹೇಳಗೊಡಲಿಲ್ಲ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದೆ. ನೀನು ಪೈಪಿನಲ್ಲಿ ಹೊಡೆಯುವಾಗಲೂ ಅವನು ಆ ಆಣೆಯನ್ನು ಉಳಿಸಿಕೊಂಡ. ಅಮ್ಮಣ್ಣಿ ಬರಲಿ ಎಂದದ್ದು ಕರುಣೆಗಲ್ಲ. ಮಾತು ನನ್ನದು, ಬಿಡಿಸಿ ಹೇಳಬೇಕಾದವಳು ನಾನು ಎಂದು.

ನಿನ್ನ ಜನವರಿಯ ಪತ್ರದಲ್ಲಿ ಇದ್ದಿಲಿನ ಮಾತು ಓದಿದ ದಿನವೇ ನನಗೆ ಎಲ್ಲ ತಿಳಿಯಿತು. ಅವತ್ತೇ ನಿನಗೆ ಬರೆದೆ. ಆದರೆ ಹಾಕಲಿಲ್ಲ. ಡಾಕ್ಟರ್ ಆಗುವ ಆಸೆ. ಬದಲಿಗೆ ಕುಳ್ಳಯ್ಯನನ್ನು ಕೇಳಬೇಡ ಎಂದು ಅರ್ಧ ಬರೆದೆ, ಆ ಅರ್ಧವನ್ನು ನೀನು ಹೊಡೆತವಾಗಿ ಮಾಡಿದೆ. ನೀನು ಮಾಡಿದ್ದಕ್ಕೆ ನನ್ನಲ್ಲಿ ಕ್ಷಮೆ ಇಲ್ಲ. ನಾನು ಮಾಡಿದ್ದಕ್ಕೂ ಇಲ್ಲ. ಎರಡು ತಿಂಗಳು ನೀರಿನ ಮೇಲೆ ಕುಳಿತು, ಮುರಿದು ಕುಸಿದ ನೆಲ ಎಲ್ಲೆಲ್ಲಿ ಮುಳುಗಿದೆ ಎಂದು ಗೆರೆ ಎಳೆಯುತ್ತಿದ್ದೆ. ಎರಡು ಹೊತ್ತೂ ಚೆನ್ನಾಗಿ ಉಣ್ಣುತ್ತಿದ್ದೆ. ಅದನ್ನೇ ನನಗೆ ಈಗ ತಡೆದುಕೊಳ್ಳಲಾಗುತ್ತಿಲ್ಲ.

ಕಲ್ಲು ಇದ್ದ ಜಾಗದ ಅಳತೆ ನನ್ನ ನೋಟ್‌ಬುಕ್ಕಿನಲ್ಲಿದೆ. ಸಾಲಿನ ಮೇಲುತುದಿಯ ದೊಡ್ಡ ಬಂಡೆಯಿಂದ ದಕ್ಷಿಣಕ್ಕೆ ನಲವತ್ತೊಂದು ಹೆಜ್ಜೆ, ಅಲ್ಲಿಂದ ಪಶ್ಚಿಮಕ್ಕೆ ಆರು. ಅಗೆಸು, ಇದ್ದಿಲು ಸಿಗುತ್ತದೆ. ಥೀಸಿಸ್ ವಾಪಸ್ ಕೊಡಿ ಎಂದು ನನ್ನ ಗೈಡಿಗೆ ಇವತ್ತೇ ಬರೆದುಕೊಟ್ಟಿದ್ದೇನೆ.

ಈ ಪತ್ರವನ್ನು ಕುಳ್ಳಯ್ಯನ ಮಂಚದ ಪಕ್ಕ ನಿಂತು ಗಟ್ಟಿಯಾಗಿ ಓದು. ಗಂಗಾಮಣಿಗೂ ಚಿಕ್ಕಪ್ಪನಿಗೂ ಓದಿ ಹೇಳು. ಆಮೇಲೆ ಪೊಲೀಸರಿಗೆ ಕೊಡು. ಬೇರೆ ಯಾರೂ ಹೇಳಬಾರದು, ನೀನೇ ಹೇಳಬೇಕು. ಹಡಗಿನ ಲೆಕ್ಕಪತ್ರಗಳನ್ನು ಒಪ್ಪಿಸಿ, ರಜೆ ಸಿಕ್ಕ ತಕ್ಷಣ ಬರುತ್ತೇನೆ.

ಅಂಬು


ವನಗೂರು
ತಾ. 1-4-1999

ಅಂಬು,

ಕುಳ್ಳಯ್ಯ ಮಾರ್ಚ್ ಇಪ್ಪತ್ತಕ್ಕೇ ಹೋದ. ನಿನ್ನ ಪತ್ರ ಬಂದದ್ದು ಮೂವತ್ತಕ್ಕೆ.

ಓದಿ ಮುಗಿಸಿದವನು ಹಾಗೇ ಎದ್ದು ಚಿಕ್ಕಪ್ಪನ ಮನೆಗೆ ಹೋದೆ. ಬ್ಯಾಂಡೇಜ್ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದ. ಪತ್ರ ಕೈಗೆ ಕೊಟ್ಟೆ. ಎರಡು ಸಲ ಓದಿ, "ಹುಡುಗಿ ಗೊತ್ತಿಲ್ದೆ ಮಾಡ್ಬುಟ್ಟವ್ಳೆ ಕಣೋ" ಅಂದ. ಇಬ್ಬರೂ ಹಾರೆ ಹಿಡಿದು ಗುಡ್ಡಕ್ಕೆ ಹೋದೆವು. ಅವನು ಹೆಜ್ಜೆ ಎಣಿಸಿದ, ನಾನು ಒಂದೇ ಕೈಯಲ್ಲಿ ಅಗೆದೆ. ಇದ್ದಿಲು ಸಿಕ್ಕಿತು. ನಾನು ಹೇಳಿದ ಜಾಗವೂ ಅಲ್ಲ, ಅವನು ಹೇಳಿದ್ದೂ ಅಲ್ಲ. ಒರತೆಯ ಬಾಯಲ್ಲೇ. ಅಜ್ಜ ನೀರನ್ನು ಇಬ್ಬರಿಗೂ ಬಿಟ್ಟಿದ್ದ. ಅಲ್ಲೇ ಕೂತು ಇಬ್ಬರೂ ಅತ್ತೆವು.

ಈಗ ಕೇಳು. ನಮ್ಮಿಬ್ಬರಿಗೂ ರಾಜಿ ಆಯಿತು. ಹಂದಿ ಓಡಿಸುವಾಗ ಕೋವಿ ಹಾರಿತು ಅಂತ ನಾನು ಬರೆದುಕೊಟ್ಟೆ, ಮರ ಕಡಿಯುವಾಗ ಬೆರಳು ಹೋಯಿತು ಅಂತ ಅವನು ಬರೆದುಕೊಟ್ಟ. ಕುಳ್ಳಯ್ಯ ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದ ಅಂತ ಆಗಲೇ ನಾನು ಬರೆಸಿದ್ದೆ. ಆಳುಗಳೂ ಹಾಗೇ ಹೇಳಿದ್ದಾರೆ. ಗಂಗಾಮಣಿಗೆ ಸಾಯೋ ತನಕ ಆಳುಗಳ ಲೈನಿನ ಮನೆ ಬಿಟ್ಟುಕೊಟ್ಟಿದ್ದೇವೆ. ಹೆಬ್ಬೆಟ್ಟು ಒತ್ತಿದ್ದಾಳೆ. ನನ್ನ ಮುಖ ಮಾತ್ರ ನೋಡಲ್ಲ.

ನಿನ್ನ ಪತ್ರ ಒಲೆಗೆ ಹಾಕಿದೆ. ನೀನು ಥೀಸಿಸ್ ವಾಪಸ್ ತೆಗೆದುಕೊಳ್ಳಬೇಡ. ಬರೆದುಕೊಟ್ಟಿದ್ದರೆ ತಪ್ಪಾಯಿತು ಅನ್ನು. ಆ ಕಲ್ಲು ನೆಟ್ಟದ್ದು ಅಂತ ಗೊತ್ತಿರುವುದು ನನಗೆ, ಚಿಕ್ಕಪ್ಪನಿಗೆ, ನಿನಗೆ. ಇದ್ದಿಲನ್ನೂ ತೆಗೆದು ಹೊಳೆಗೆ ಸುರಿದಿದ್ದೇವೆ, ಸಿಮೆಂಟ್ ಕಂಬ ನಿಲ್ಲಿಸಿದ್ದೇವೆ. ನಿನ್ನದೂ ಉಳಿಯುತ್ತೆ, ನಮ್ಮದೂ ಉಳಿಯುತ್ತೆ. ಸತ್ತವನು ಹೇಗೂ ಎದ್ದು ಬರಲ್ಲ. ಪುಷ್ಪ ಈಗ ಮೂರು ತಿಂಗಳ ಬಸುರಿ, ಅದನ್ನೂ ಯೋಚನೆ ಮಾಡು. ನಿನ್ನ ಕಾಲಿಗೆ ಬೀಳುತ್ತೇನೆ ಅಂತ ಬರೆಯಬಾರದು, ನಾನು ದೊಡ್ಡವನು. ಆದರೂ ಬರೆಯುತ್ತಿದ್ದೇನೆ.

ನಿನ್ನ ಅಣ್ಣಯ್ಯ


ಹಾಸನ
ತಾ. 9-4-1999

ಅಣ್ಣಯ್ಯ,

ಇದನ್ನು ಅಂಚೆಗೆ ಹಾಕಿಲ್ಲ.

ಆರನೆಯ ತಾರೀಕು ವನಗೂರಿಗೆ ಬಂದಿದ್ದೆ. ಮನೆಗೆ ಬರಲಿಲ್ಲ, ಲೈನಿಗೆ ಹೋದೆ. ಗಂಗಾಮಣಿ ಅಕ್ಕಿ ಆರಿಸುತ್ತಿದ್ದಳು. ಅವಳ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬಯ್ಯಲಿಲ್ಲ, ಅಳಲಿಲ್ಲ. "ಒಂದ್ ಕಾಗ್ದ ಹಾಕಿದ್ರೆ ಆಗೋದಲ್ವಾ ಅಮ್ಮಣ್ಣಿ" ಎಂದಳು. ಮತ್ತೆ ಮೊರ ಎತ್ತಿಕೊಂಡಳು. ನಾಳೆ ನನ್ನ ಜೊತೆ ಹಾಸನಕ್ಕೆ ಬರುತ್ತೀಯಾ ಎಂದು ಕೇಳಿದೆ. ಮೊರ ಕೆಳಗಿಟ್ಟು ಸೀರೆ ಬದಲಾಯಿಸಲು ಒಳಗೆ ಹೋದಳು, ನಾಳೆಯ ತನಕ ಕಾಯಲಿಲ್ಲ.

ನಿಮ್ಮ ರಾಜಿಯನ್ನು ಓದಿದಾಗ ಒಂದು ಗಳಿಗೆ ನನಗೂ ಹಗುರವಾಯಿತು, ಸುಳ್ಳು ಹೇಳುವುದಿಲ್ಲ. ಯಾರಿಗೂ ಏನೂ ಆಗುವುದಿಲ್ಲ, ಕುಳ್ಳಯ್ಯ ಒಬ್ಬ ಇಲ್ಲ, ಅಷ್ಟೇ. ಇನ್ನೊಬ್ಬರ ಪಕ್ಕೆಲುಬಿನ ಮೇಲೆ ಅಣ್ಣ ತಂಗಿ ಚಿಕ್ಕಪ್ಪ ಮೂವರೂ ಆರಾಮವಾಗಿ ಕೂರಬಹುದಿತ್ತು. ನನ್ನಿಂದ ಆಗಲಿಲ್ಲ.

ಮಾರ್ಚಿನ ಪತ್ರವನ್ನು ನೀನು ಸುಟ್ಟೆ. ಜನವರಿಯಲ್ಲಿ ಬರೆದು ಹಾಕದೆ ಉಳಿಸಿಕೊಂಡದ್ದು ನನ್ನ ಹತ್ತಿರವೇ ಇತ್ತು. ಅದನ್ನೂ, ನಿನ್ನ ಎಲ್ಲ ಪತ್ರಗಳನ್ನೂ, ಇಲ್ಲಿಯ ಪೊಲೀಸ್ ದೊಡ್ಡ ಸಾಹೇಬರ ಮುಂದೆ ಇಟ್ಟೆ. ಪೈಪಿನ ಮಾತು, ಕಂಬದ ಮಾತು, ಏಣಿಯ ಮಾತು ಎಲ್ಲ ನಿನ್ನ ಕೈಬರಹದಲ್ಲೇ ಇವೆ. ನನ್ನ ಹೇಳಿಕೆ ಹನ್ನೆರಡು ಪುಟ ಆಯಿತು. ಬರೆದುಕೊಳ್ಳುವವರು ನಡುವೆ ತಲೆಯೆತ್ತಿ, "ಆರೋಪಿ ನಿಮಗೇನಾಗ್ಬೇಕು?" ಎಂದು ಕೇಳಿದರು. ಅಣ್ಣ ಎಂದೆ. "ಸ್ವಂತ ಅಣ್ಣನಾ?" ಎಂದರು. ಹೌದು ಎಂದೆ. ಪೆನ್ನನ್ನು ಕಾಗದದಿಂದ ಎತ್ತಿದರು. ಇನ್ನೊಂದು ಸಲ ಯೋಚನೆ ಮಾಡಿ ಎಂದು ನನಗೆ ಹೇಳುತ್ತಾರೇನೋ ಎಂದು ಕಾದೆ. ಹೇಳಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವರು ಬರೆದುಕೊಂಡರು.

ಪುಷ್ಪತ್ತಿಗೆಯನ್ನು ನಾನು ನೋಡಿಕೊಳ್ಳುತ್ತೇನೆ. ಅವಳು ನನ್ನನ್ನು ಬಾಗಿಲೊಳಗೆ ಬಿಟ್ಟರೆ.

ಈ ಪತ್ರವನ್ನು ತರುತ್ತಿರುವುದು ಪೊಲೀಸರು. ನೀನು ಕೊನೆಯ ಸಾಲಿನವರೆಗೂ ಓದಿದ ಮೇಲೆಯೇ ಮಾತಾಡಿಸಿ ಎಂದು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಅವಸರ ಮಾಡಬೇಡ, ನಿಧಾನವಾಗಿ ಓದು. ಹೊರಡುವ ಮೊದಲು ಎರಡು ತುತ್ತು ಊಟ ಮಾಡು, ಇಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ತುಂಬ ತಡವಾಗುತ್ತದೆ.

ಅಂಬು